ಶಾಖ ಉಳಿಸುವ ವಾತಾಯನ ಯಂತ್ರ: ಬಯಲುಸೀಮೆಯ ಮನೆಗೆ ಅದರ ಲೆಕ್ಕವೇನು?

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರಗಳ ಅಂಚಿನ ಬಡಾವಣೆಗಳಲ್ಲಿ ಹೊಸ ಮನೆ ಕಟ್ಟಿಸುವವರ ಮುಂದೆ ಎ.ಸಿ., ಸೋಲಾರ್ ಫಲಕ, ಯುಪಿವಿಸಿ ಕಿಟಕಿಗಳ ಜೊತೆಗೆ ಈಗ ಇನ್ನೊಂದು ಸಲಕರಣೆಯ ಹೆಸರೂ ಬರತೊಡಗಿದೆ. ಎಚ್‌ಆರ್‌ವಿ (ಹೀಟ್ ರಿಕವರಿ ವೆಂಟಿಲೇಟರ್) ಎಂದು ಕರೆಯುವ ಈ ಯಂತ್ರ ಮನೆಯೊಳಗಿನ ಹಳಸಿದ ಗಾಳಿಯನ್ನು ಹೊರಗೆ ಕಳಿಸಿ ಹೊಸ ಗಾಳಿಯನ್ನು ಒಳಗೆ ತರುತ್ತದೆ. ತರುವಾಗ, ಹೊರಹೋಗುವ ಗಾಳಿಯಲ್ಲಿರುವ ಶಾಖವನ್ನು ಒಳಬರುವ ಗಾಳಿಗೆ ದಾಟಿಸುತ್ತದೆ. ಬೇಸಿಗೆಯಲ್ಲಿ ಎ.ಸಿ. ಓಡುತ್ತಿದ್ದರೆ ಇದೇ ಕೆಲಸ ತಿರುಗುಮುರುಗಾಗಿ ನಡೆದು, ಹೊರಗಿನ ಬಿಸಿ ಗಾಳಿ ತನ್ನ ಶಾಖವನ್ನು ಹೊರಹೋಗುವ ತಂಪು ಗಾಳಿಗೆ ಬಿಟ್ಟುಕೊಟ್ಟು ಒಳಗೆ ಬರುತ್ತದೆ. ಹೀಗೆ ಶೇ 75ರಿಂದ 90ರಷ್ಟು ಶಕ್ತಿ ಉಳಿಯುತ್ತದೆ ಎಂಬುದು ಮಾರುವವರ ಮಾತು. ಆ ಮಾತು ಸುಳ್ಳಲ್ಲ. ಆದರೆ ಶೇಕಡಾವಾರು ಎಷ್ಟೇ ದೊಡ್ಡದಿದ್ದರೂ ಅದು ಯಾವ ಮೊತ್ತದ ಶೇಕಡಾವಾರು ಎಂದು ಕೇಳದೆ ಹಣ ಕೊಡಬಾರದು. ನಮ್ಮ ಮೂರು ಜಿಲ್ಲೆಗಳ ವಾಸದ ಮನೆಗಳಲ್ಲಿ ಆ ಮೊತ್ತವೇ ಬಹಳ ಚಿಕ್ಕದು ಎಂಬುದು ಈ ಲೇಖನದ ವಾದ. ಇದೇ ಜಿಲ್ಲೆಗಳಲ್ಲಿ ಅದು ನಿಜಕ್ಕೂ ದೊಡ್ಡದಾಗಿರುವ ಒಂದು ಜಾಗವೂ ಇದೆ, ಆದರೆ ಅದು ಮಲಗುವ ಕೋಣೆಯಲ್ಲ.

ಯಂತ್ರದ ಒಳಗಿನ ರಚನೆ ಸರಳ. ತೆಳುವಾದ ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಹಾಳೆಗಳನ್ನು ಒಂದರ ಮೇಲೊಂದು ಸಣ್ಣ ಅಂತರ ಬಿಟ್ಟು ಜೋಡಿಸಿರುತ್ತಾರೆ. ಒಂದು ಸಾಲಿನ ಸಂದಿಗಳಲ್ಲಿ ಒಳಗಿನ ಗಾಳಿ ಹೊರಗೆ ಹೋಗುತ್ತದೆ, ಅದರ ಪಕ್ಕದ ಸಂದಿಗಳಲ್ಲಿ ಹೊರಗಿನ ಗಾಳಿ ಒಳಗೆ ಬರುತ್ತದೆ. ಎರಡು ಗಾಳಿಗಳು ಬೆರೆಯುವುದಿಲ್ಲ. ನಡುವಿನ ಹಾಳೆಯ ಮೂಲಕ ಶಾಖ ಮಾತ್ರ ದಾಟುತ್ತದೆ. ಹಾಳೆಯ ಬದಲು ತೇವವನ್ನೂ ದಾಟಿಸುವ ಪೊರೆ ಹಾಕಿದರೆ ಅದು ಇಆರ್‌ವಿ (ಎನರ್ಜಿ ರಿಕವರಿ ವೆಂಟಿಲೇಟರ್) ಎನಿಸಿಕೊಳ್ಳುತ್ತದೆ. ಎರಡು ಫ್ಯಾನುಗಳು, ಎರಡು ಫಿಲ್ಟರ್‌ಗಳು, ಒಂದು ನೀರು ಬಸಿಯುವ ಕೊಳವೆ ಸೇರಿದರೆ ಯಂತ್ರ ಪೂರ್ಣವಾಯಿತು. ಇಲ್ಲಿ ಮರೆಯಬಾರದ ಅಂಶವೆಂದರೆ ಶಾಖ ತಾನಾಗಿ ದಾಟುತ್ತದೆ, ಆದರೆ ಗಾಳಿ ತಾನಾಗಿ ಆ ಕಿರಿದಾದ ಸಂದಿಗಳಲ್ಲಿ ಹರಿಯುವುದಿಲ್ಲ. ಅದನ್ನು ತಳ್ಳಲು ವಿದ್ಯುತ್ ಬೇಕು. ಒಳಗೂ ಹೊರಗೂ ಉಷ್ಣಾಂಶದ ವ್ಯತ್ಯಾಸ ಇರಲಿ, ಇಲ್ಲದಿರಲಿ, ಆ ಫ್ಯಾನುಗಳ ಖರ್ಚು ಮಾತ್ರ ಒಂದೇ ಸಮನೆ ನಡೆಯುತ್ತಿರುತ್ತದೆ.

ಈ ಯಂತ್ರ ಹುಟ್ಟಿದ್ದು ಚಳಿಯ ದೇಶಗಳಲ್ಲಿ. 1973ರ ತೈಲ ಬಿಕ್ಕಟ್ಟಿನ ನಂತರ ಅಲ್ಲಿನವರು ಮನೆಯ ಸಂದುಗೊಂದುಗಳನ್ನೆಲ್ಲ ಮುಚ್ಚಿ ಶಾಖ ಸೋರದಂತೆ ಕಟ್ಟತೊಡಗಿದರು. ಮನೆ ಬಿಗಿಯಾದಂತೆ ಒಳಗಿನ ಗಾಳಿ ಹಳಸಿ ಗೋಡೆಗಳಿಗೆ ಬೂಷ್ಟು ಹಿಡಿಯಿತು, ಆಗ ಗಾಳಿಯನ್ನು ಯಂತ್ರದ ಮೂಲಕವೇ ಬದಲಾಯಿಸಬೇಕಾಯಿತು. ಕೆನಡಾದ ರೆಜೈನಾ ನಗರದಲ್ಲಿ 1977ರಲ್ಲಿ ಕಟ್ಟಿದ ಸಸ್ಕ್ಯಾಚೆವಾನ್ ಕನ್ಸರ್ವೇಶನ್ ಹೌಸ್‌ನಲ್ಲಿ ಇಂಥ ಶಾಖ ವಿನಿಮಯಕ ಇತ್ತು. 1991ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ವೋಲ್ಫ್‌ಗಾಂಗ್ ಫೈಸ್ಟ್ ಅವರು, ತೀರ ಕಡಿಮೆ ಶಕ್ತಿಯಲ್ಲಿ ಬೆಚ್ಚಗಿರುವ ಮೊದಲ ಪ್ಯಾಸಿವ್‌ಹೌಸ್ ಮನೆಗಳನ್ನು ಕಟ್ಟಿದಾಗ ಇದು ಆ ವಿನ್ಯಾಸದ ಕೇಂದ್ರಕ್ಕೇ ಬಂತು. ಆ ಮಾನದಂಡದ ಪ್ರಕಾರ ಯಂತ್ರ ಕನಿಷ್ಠ ಶೇ 75ರಷ್ಟು ಶಾಖ ಉಳಿಸಬೇಕು, ಒಂದು ಘನ ಮೀಟರ್ ಗಾಳಿ ಸಾಗಿಸಲು 0.45 ವ್ಯಾಟ್-ಗಂಟೆಗಿಂತ ಹೆಚ್ಚು ವಿದ್ಯುತ್ ಬಳಸಬಾರದು.

ಅಲ್ಲಿನ ಲೆಕ್ಕವನ್ನು ಮೊದಲು ಮಾಡಿ ನೋಡೋಣ. ಒಂದು ಘನ ಮೀಟರ್ ಗಾಳಿಯ ಉಷ್ಣಾಂಶವನ್ನು ಒಂದು ಡಿಗ್ರಿ ಏರಿಸಲು ಸಮುದ್ರಮಟ್ಟದಲ್ಲಿ ಸುಮಾರು 0.33 ವ್ಯಾಟ್-ಗಂಟೆ ಶಕ್ತಿ ಬೇಕು. ಮನೆಗೆ ಗಂಟೆಗೆ 100 ಘನ ಮೀಟರ್ ಹೊಸ ಗಾಳಿ ಬೇಕೆಂದುಕೊಳ್ಳೋಣ. ಚಳಿಯನ್ನು ಅಳೆಯಲು ಎಂಜಿನಿಯರುಗಳು ಡಿಗ್ರಿ-ದಿನ ಎಂಬ ಮಾಪನ ಬಳಸುತ್ತಾರೆ. ಒಳಗಿಗಿಂತ ಹೊರಗೆ 10 ಡಿಗ್ರಿ ತಂಪಾಗಿರುವ ಒಂದು ದಿನವೆಂದರೆ 10 ಡಿಗ್ರಿ-ದಿನ. ಮಧ್ಯ ಯುರೋಪಿನಲ್ಲಿ ವರ್ಷಕ್ಕೆ ಇಂಥ ಸುಮಾರು 3,000 ಡಿಗ್ರಿ-ದಿನಗಳನ್ನು ಇಟ್ಟುಕೊಂಡರೆ, ಗಾಳಿ ಬದಲಿಸುವುದಕ್ಕೇ ವರ್ಷಕ್ಕೆ (1,000 ವ್ಯಾಟ್-ಗಂಟೆಗೆ ಒಂದು ಯೂನಿಟ್ ಎಂಬ ಲೆಕ್ಕದಲ್ಲಿ) 2,400 ಯೂನಿಟ್‌ಗಳಷ್ಟು ಶಾಖ ಖರ್ಚಾಗುತ್ತದೆ. ಯಂತ್ರ ಅದರಲ್ಲಿ ಶೇ 80 ಉಳಿಸಿದರೆ 1,900 ಯೂನಿಟ್. ಸುಮಾರು 220 ದಿನಗಳ ಚಳಿಗಾಲದಲ್ಲಿ ಫ್ಯಾನುಗಳು ತಿನ್ನುವುದು 240 ಯೂನಿಟ್. ಒಂದು ಕೊಟ್ಟರೆ ಎಂಟು ಬರುವ ಈ ವ್ಯವಹಾರದಲ್ಲಿ ತಕರಾರಿಗೆ ಜಾಗವಿಲ್ಲ.

ಆದರೆ ಅಲ್ಲಿಯೂ ಲೆಕ್ಕ ಈಗ ಬದಲಾಗುತ್ತಿದೆ. ಗ್ಯಾಸ್ ಬಾಯ್ಲರ್ ತೆಗೆದು, ಹೊರಗಿನ ಶಾಖವನ್ನೇ ಒಳಗೆ ಎಳೆದು ತರುವ ಹೀಟ್ ಪಂಪ್ ಹಾಕಿಸಿದ ಮನೆಯಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಮೂರೂವರೆ ಯೂನಿಟ್ ಶಾಖ ಸಿಗುತ್ತದೆ. ಹಾಗಾದರೆ ಉಳಿದ 1,900 ಯೂನಿಟ್ ಶಾಖದ ವಿದ್ಯುತ್ ಬೆಲೆ 540 ಯೂನಿಟ್ ಮಾತ್ರ. ಅದರಲ್ಲಿ ಫ್ಯಾನಿನ 240 ಕಳೆದರೆ ಕೈಗೆ ಸಿಗುವುದು 300. ಶಾಖ ಅಗ್ಗವಾದಂತೆ ಶಾಖ ಉಳಿಸುವ ಯಂತ್ರದ ಬೆಲೆಯೂ ಕುಗ್ಗುತ್ತದೆ. ಯುರೋಪಿನಲ್ಲೇ ಈ ಯಂತ್ರ ಸಾಕಷ್ಟು ಉಳಿಸುತ್ತದೆಯೇ ಎಂಬ ಚರ್ಚೆ ಏಳುವುದು ಇಂಥ ಕಾರಣಕ್ಕೆ. ಮನೆ ಬಿಗಿಯಾಗಿಲ್ಲದಿದ್ದರೆ ಇನ್ನೊಂದು ನಷ್ಟವೂ ಸೇರುತ್ತದೆ, ಏಕೆಂದರೆ ಬಾಗಿಲ ಕೆಳಗಿನಿಂದಲೂ ಕಿಟಕಿಯ ಸಂದಿನಿಂದಲೂ ಹೋಗುವ ಗಾಳಿ ಯಂತ್ರದ ಹಾಳೆಗಳನ್ನು ಮುಟ್ಟದೆಯೇ ಹೋಗುತ್ತದೆ, ಅದರ ಶಾಖ ವಾಪಸು ಬರುವುದಿಲ್ಲ.

ಈಗ ನಮ್ಮ ಊರಿಗೆ ಬರೋಣ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಪಟ್ಟಣಗಳು ಸಮುದ್ರಮಟ್ಟದಿಂದ ಸುಮಾರು 800ರಿಂದ 900 ಮೀಟರ್ ಎತ್ತರದಲ್ಲಿವೆ. ಗಾಳಿ ಸ್ವಲ್ಪ ತೆಳುವಾದ್ದರಿಂದ 0.33ರ ಜಾಗದಲ್ಲಿ 0.31 ಇಟ್ಟುಕೊಳ್ಳಬೇಕು. ಇಲ್ಲಿ ವಾಸದ ಮನೆಯನ್ನು ಯಾರೂ ಬಿಸಿ ಮಾಡುವುದಿಲ್ಲ. ಡಿಸೆಂಬರ್ ಜನವರಿಯ ಚಳಿಗೆ ಸ್ವೆಟರ್, ಕಂಬಳಿ ಸಾಕು. ಆದ್ದರಿಂದ ಯುರೋಪಿನ ಆ 2,400 ಯೂನಿಟ್‌ನ ಬಾಬತ್ತೇ ಇಲ್ಲಿಲ್ಲ. ಉಳಿಯುವುದು ಎ.ಸಿ. ಓಡುವ ಹೊತ್ತು ಮಾತ್ರ.

ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಯಲ್ಲಿ ಇಬ್ಬರಿದ್ದಾರೆ, ಅವರಿಗೆ ಗಂಟೆಗೆ 60 ಘನ ಮೀಟರ್ ಹೊಸ ಗಾಳಿ ಬೇಕು ಎಂದುಕೊಳ್ಳೋಣ. ಏಪ್ರಿಲ್ ತಿಂಗಳ ಮಧ್ಯಾಹ್ನ ಹೊರಗೆ 36 ಡಿಗ್ರಿ, ಒಳಗೆ ಎ.ಸಿ. 26ಕ್ಕೆ ನಿಂತಿದೆ. ಆ ಹೊಸ ಗಾಳಿ ತರುವ ಶಾಖ 186 ವ್ಯಾಟ್. ಯಂತ್ರ ಅದರಲ್ಲಿ ಮುಕ್ಕಾಲು ಪಾಲು ತಡೆದರೆ 140 ವ್ಯಾಟ್. ಈಗಿನ ಎ.ಸಿ.ಗಳು ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ನಾಲ್ಕು ಯೂನಿಟ್ ಶಾಖವನ್ನು ಹೊರಗೆ ಹಾಕುವುದರಿಂದ, ಆ 140 ವ್ಯಾಟ್ ಶಾಖ ವಿದ್ಯುತ್ತಿನ ಲೆಕ್ಕದಲ್ಲಿ 35 ವ್ಯಾಟ್ ಆಗುತ್ತದೆ. ಪ್ಯಾಸಿವ್‌ಹೌಸ್ ಮಾನದಂಡದ ಮಿತಿಯಲ್ಲೇ ಇರುವ ಉತ್ತಮ ಯಂತ್ರದ ಫ್ಯಾನುಗಳು ಅಷ್ಟೇ ಗಾಳಿಗೆ 27 ವ್ಯಾಟ್ ತೆಗೆದುಕೊಳ್ಳುತ್ತವೆ. ನಿವ್ವಳ ಉಳಿತಾಯ 8 ವ್ಯಾಟ್. ದಿನಕ್ಕೆ ಆರು ಗಂಟೆಯಂತೆ ಬೇಸಿಗೆಯ ಮೂರು ತಿಂಗಳೂ ಇದೇ ಸುಡುಬಿಸಿಲಿನಲ್ಲಿ ಎ.ಸಿ. ಓಡಿತು ಎಂದು ಧಾರಾಳವಾಗಿ ಲೆಕ್ಕ ಹಾಕಿದರೂ ವರ್ಷಕ್ಕೆ ನಾಲ್ಕೈದು ಯೂನಿಟ್ ಉಳಿಯುತ್ತದೆ. ಬೆಸ್ಕಾಂ ದರ ಯೂನಿಟ್‌ಗೆ ಸುಮಾರು 6 ರೂಪಾಯಿ ಎಂದರೆ ವರ್ಷಕ್ಕೆ 30 ರೂಪಾಯಿ. ಅದಕ್ಕಾಗಿ ಕೊಡಬೇಕಾದದ್ದು ಹತ್ತಾರು ಸಾವಿರ ರೂಪಾಯಿ. ಮನೆಗೆಲ್ಲ ಕೊಳವೆ ಎಳೆಸಿದರೆ ಲಕ್ಷ ದಾಟುತ್ತದೆ.

ಮಾರುವವರು ಹೇಳುವಂತೆ ವರ್ಷವಿಡೀ ಹಗಲೂ ರಾತ್ರಿ ಓಡಿಸಿದರೆ ಉಳಿತಾಯದ ಮಾತು ನಿಂತೇ ಹೋಗುತ್ತದೆ. 27 ವ್ಯಾಟ್ ಎಂದರೆ ತಿಂಗಳಿಗೆ ಸುಮಾರು 20 ಯೂನಿಟ್, ವರ್ಷಕ್ಕೆ 236 ಯೂನಿಟ್. ಗೃಹಜ್ಯೋತಿ ಯೋಜನೆಯಲ್ಲಿರುವ ಮನೆಗಳಿಗೆ ಇದು ಇನ್ನೊಂದು ರೀತಿಯಲ್ಲಿ ತಟ್ಟುತ್ತದೆ. 200 ಯೂನಿಟ್ ಉಚಿತ ಎಂದು ಹೇಳಿದರೂ ತೀರ ಕಡಿಮೆ ಬಳಕೆಯ ಮನೆಗಳನ್ನು ಬಿಟ್ಟರೆ ಪ್ರತಿ ಮನೆಯ ಪಾಲು 2022–23ರ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿ ನಿಗದಿಯಾದದ್ದು. ತಿಂಗಳಿಗೆ 80 ಯೂನಿಟ್ ಸರಾಸರಿಯ ಮನೆಗೆ ಸಿಗುವ ಹೆಚ್ಚುವರಿ ಅವಕಾಶ 8 ಯೂನಿಟ್. ಈ ಒಂದು ಯಂತ್ರವೇ ಅದನ್ನು ಮೀರಿ ಮುಂದೆ ಹೋಗುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಮಧ್ಯಾಹ್ನದ ಲೆಕ್ಕ. ಆದರೆ ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಎ.ಸಿ. ಓಡುವುದು ರಾತ್ರಿ, ಮತ್ತು ರಾತ್ರಿಯ ಲೆಕ್ಕ ಇನ್ನೂ ಸ್ಪಷ್ಟವಾಗಿದೆ. ಬಯಲುಸೀಮೆಯ ಹವೆಯ ದೊಡ್ಡ ಗುಣವೆಂದರೆ ಸೂರ್ಯ ಮುಳುಗಿದ ಮೇಲೆ ಅದು ಬೇಗ ತಣ್ಣಗಾಗುತ್ತದೆ. ಏಪ್ರಿಲ್‌ನಲ್ಲಿ ಸಹ ರಾತ್ರಿ ಹತ್ತಕ್ಕೆ 28 ಡಿಗ್ರಿಯ ಆಸುಪಾಸಿನಲ್ಲಿದ್ದದ್ದು ಬೆಳಗಿನ ಜಾವದ ಹೊತ್ತಿಗೆ 23ರ ಸಮೀಪಕ್ಕೆ ಇಳಿಯುತ್ತದೆ. ಎ.ಸಿ. 26ಕ್ಕೆ ಇಟ್ಟಿರುವ ಕೋಣೆಗೂ ಹೊರಗಿಗೂ ರಾತ್ರಿಯ ಸರಾಸರಿಯಲ್ಲಿ ವ್ಯತ್ಯಾಸವೇ ಇಲ್ಲ. ಬೆಳಗಿನ ಜಾವ ಹೊರಗೇ ತಂಪು. ಹಾಗಿರುವಾಗ ಉಳಿಸುವುದೇನು? ಎ.ಸಿ. ಇಲ್ಲದ ಮನೆಯಲ್ಲಂತೂ ಈ ಯಂತ್ರ ಕೆಲಸವನ್ನು ಕೆಡಿಸುತ್ತದೆ. ಹಗಲೆಲ್ಲ ಕಾದ ಮನೆಯ ಶಾಖ ರಾತ್ರಿ ಹೊರಗೆ ಹೋಗಬೇಕು. ಹೊರಗಿನ ತಂಪು ಗಾಳಿಯನ್ನು, ಹೊರಹೋಗುವ ಬಿಸಿ ಗಾಳಿಯಿಂದ ಮತ್ತೆ ಕಾಯಿಸಿ ಒಳಗೆ ಬಿಟ್ಟರೆ ಕಳೆದುಕೊಳ್ಳಬೇಕಾದ ಶಾಖವನ್ನೇ ಜೋಪಾನ ಮಾಡಿದಂತಾಗುತ್ತದೆ. ಇದಕ್ಕಾಗಿಯೇ ಒಳ್ಳೆಯ ಯಂತ್ರಗಳಲ್ಲಿ ಬೈಪಾಸ್ ಇರುತ್ತದೆ, ಅಂದರೆ ಗಾಳಿ ಹಾಳೆಗಳನ್ನು ತಪ್ಪಿಸಿ ನೇರವಾಗಿ ಬರುವ ದಾರಿ. ವರ್ಷದ ಹೆಚ್ಚಿನ ರಾತ್ರಿ ಬೈಪಾಸ್‌ನಲ್ಲೇ ಓಡಬೇಕಾದ ಶಾಖ ವಿನಿಮಯಕಕ್ಕೆ ಸಾಲದ ಹಣ ಹಾಕುವುದು ಸರಿಯಲ್ಲ ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ.

ತೆರೆದ ಕಿಟಕಿಯ ಶಕ್ತಿಯನ್ನು ನಾವು ಅಂಕಿಯಲ್ಲಿ ನೋಡುವುದು ಕಡಿಮೆ. ಎದುರುಬದುರು ಗೋಡೆಗಳಲ್ಲಿ ಒಂದೊಂದು ಚದರ ಮೀಟರಿನಷ್ಟು ಕಿಟಕಿ ತೆರೆದಿದ್ದು, ಗಾಳಿ ಸೆಕೆಂಡಿಗೆ ಒಂದು ಅಡಿಯಷ್ಟು ನಿಧಾನವಾಗಿ ಹಾದುಹೋದರೂ ಗಂಟೆಗೆ 1,000 ಘನ ಮೀಟರ್ ಗಾಳಿ ಬದಲಾಗುತ್ತದೆ. ಯಂತ್ರ ಕೊಡುವ 60ರ ಮುಂದೆ ಇದು ಹದಿನಾರು ಪಟ್ಟಿಗಿಂತ ಹೆಚ್ಚು. ಒಳಗಿಗಿಂತ ಹೊರಗೆ 5 ಡಿಗ್ರಿ ತಂಪಿದ್ದರೆ ಈ ಗಾಳಿ ಮನೆಯಿಂದ ಒಂದೂವರೆ ಕಿಲೋವ್ಯಾಟ್ ಶಾಖವನ್ನು ಹೊತ್ತೊಯ್ಯುತ್ತದೆ; ಒಂದು ಟನ್ ಎ.ಸಿ.ಯ ಸಾಮರ್ಥ್ಯವೇ ಮೂರೂವರೆ ಕಿಲೋವ್ಯಾಟ್. ಕೇಂದ್ರದ ಇಂಧನ ದಕ್ಷತಾ ಬ್ಯೂರೊ 2018ರಲ್ಲಿ ವಾಸದ ಕಟ್ಟಡಗಳಿಗಾಗಿ ತಂದ ಇಕೋ ನಿವಾಸ್ ಸಂಹಿತೆಯು ಬೆಂಗಳೂರಿನಂಥ ಸಮಶೀತೋಷ್ಣ ವಲಯದಲ್ಲಿ ನೆಲದ ವಿಸ್ತೀರ್ಣದ ಕನಿಷ್ಠ ಶೇ 12.5ರಷ್ಟು ತೆರೆಯಬಲ್ಲ ಕಿಟಕಿ ಇರಬೇಕೆಂದು ಹೇಳುವುದರ ಹಿಂದೆ ಇದೇ ತಿಳಿವಳಿಕೆ ಇದೆ. ಇಲ್ಲಿ ತೆರೆಯಬಲ್ಲ ಎಂಬ ಮಾತನ್ನು ಗಮನಿಸಬೇಕು. ಎರಡು ಹಲಗೆಯ ಜಾರುವ ಕಿಟಕಿಯಲ್ಲಿ ಗಾಜು ಎಷ್ಟೇ ಅಗಲವಿದ್ದರೂ ತೆರೆಯುವುದು ಅರ್ಧ ಮಾತ್ರ.

ತೇವದ ಮಾತು ಬೇರೆ. ಮಂಗಳೂರಿನಲ್ಲಿ 32 ಡಿಗ್ರಿ, ಶೇ 70 ಆರ್ದ್ರತೆಯ ಗಾಳಿ ಗಂಟೆಗೆ 60 ಘನ ಮೀಟರ್ ಒಳಗೆ ಬಂದರೆ ಅದರ ತೇವವನ್ನು ಇಳಿಸುವುದಕ್ಕೇ ಎ.ಸಿ.ಯ ಮೇಲೆ 450 ವ್ಯಾಟ್‌ಗಿಂತ ಹೆಚ್ಚಿನ ಹೊರೆ ಬೀಳುತ್ತದೆ. ಅಲ್ಲಿ ತೇವವನ್ನೂ ತಡೆಯುವ ಇಆರ್‌ವಿಯ ಪರವಾಗಿ ವಾದಿಸಬಹುದು. ನಮ್ಮ ಏಪ್ರಿಲ್ ಮಧ್ಯಾಹ್ನದ ಗಾಳಿ ಒಣ. ಅದರಲ್ಲಿರುವ ನೀರಿನಂಶ ಎ.ಸಿ. ಕೋಣೆಯ ಗಾಳಿಯಲ್ಲಿರುವಷ್ಟೇ ಇರುತ್ತದೆ. ಮುಂಗಾರಿಗೆ ಮುಂಚಿನ ಮಳೆ ಬಿದ್ದ ರಾತ್ರಿ ತೇವ ಏರುತ್ತದೆ, ನಿಜ, ಆದರೆ ಅಂಥ ರಾತ್ರಿ ತಂಪೂ ಇಳಿದಿರುತ್ತದೆ, ಎ.ಸಿ. ಆರಿಸಿರುತ್ತಾರೆ.

ಮನೆ ಬಿಸಿಯಾಗುವುದು ಗಾಳಿಯಿಂದಲ್ಲ, ತಾರಸಿಯಿಂದ. ಮೇಲಂತಸ್ತಿನಲ್ಲಿ ಮಲಗುವ ಯಾರಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ: ಏಪ್ರಿಲ್‌ನ ರಾತ್ರಿ ಒಂಬತ್ತಕ್ಕೆ ಸೀಲಿಂಗ್ ಫ್ಯಾನ್ ಹಾಕಿದರೆ ಮೊದಲು ಮುಖಕ್ಕೆ ಬಡಿಯುವುದು ಬಿಸಿಗಾಳಿ. ಸ್ಟೂಲಿನ ಮೇಲೆ ನಿಂತು ಅಂಗೈಯನ್ನು ತಾರಸಿಯ ಒಳಮೈಗೆ ಇಟ್ಟರೆ, ಹೊರಗಿನ ಗೋಡೆ ಆಗಲೇ ತಣ್ಣಗಾಗಿದ್ದರೂ, ಆ ಕಾಂಕ್ರೀಟು ಮೈಗಿಂತ ಬಿಸಿಯಾಗಿಯೇ ಇರುತ್ತದೆ. ಐದು ಅಂಗುಲದ ಆರ್‌ಸಿಸಿ ತಾರಸಿ ಮಧ್ಯಾಹ್ನ ಕುಡಿದ ಬಿಸಿಲನ್ನು ನಾಲ್ಕೈದು ಗಂಟೆ ತಡವಾಗಿ ಕೋಣೆಯೊಳಗೆ ಬಿಡುತ್ತದೆ. ಹೊದಿಕೆಯಿಲ್ಲದ ಇಂಥ ತಾರಸಿಯ ಮೇಲ್ಮೈ ಬಿಸಿಲಿನಲ್ಲಿ 55 ಡಿಗ್ರಿ ದಾಟುತ್ತದೆ. ಅದರಿಂದ ನಮ್ಮ 120 ಚದರಡಿಯ ಕೋಣೆಗೆ ಇಳಿಯುವ ಶಾಖ ಗರಿಷ್ಠ ಹೊತ್ತಿನಲ್ಲಿ 600ರಿಂದ 800 ವ್ಯಾಟ್ ಇರಬಹುದು. ಗಾಳಿ ತರುವ 186 ವ್ಯಾಟ್ ಅನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಇಕೋ ನಿವಾಸ್ ಸಂಹಿತೆ ತಾರಸಿಯ ಮೂಲಕ ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿಗೆ ದಾಟುವ ಶಾಖ 1.2 ವ್ಯಾಟ್ ಮೀರಬಾರದು ಎನ್ನುತ್ತದೆ. ಬರೀ ಕಾಂಕ್ರೀಟಿನಲ್ಲಿ ಅದು 3ಕ್ಕಿಂತ ಹೆಚ್ಚು. ತಾರಸಿಗೆ ಬಿಳಿಯ ಸುಣ್ಣವನ್ನೋ ಬಿಸಿಲು ಹಿಂದೆ ಕಳಿಸುವ ಬಣ್ಣವನ್ನೋ ಬಳಿದರೆ ಮೇಲ್ಮೈ ಹತ್ತು ಡಿಗ್ರಿಗೂ ಹೆಚ್ಚು ತಣ್ಣಗಾಗುತ್ತದೆ, ಅದಕ್ಕೆ ತಗಲುವ ಖರ್ಚು ಕೆಲವೇ ಸಾವಿರ. ಪಾವಗಡ, ಮಧುಗಿರಿ ಕಡೆಯ ಹಳೆಯ ಮಣ್ಣಿನ ಮಾಳಿಗೆಗಳ ದಪ್ಪವೂ ಮೇಲಿನ ಬೆಳಕಿಂಡಿಯೂ ಈ ಕೆಲಸವನ್ನೇ ಮಾಡುತ್ತಿದ್ದವು. ಈಗ ಅಂಥದ್ದನ್ನೇ ಕಟ್ಟಿ ಎಂದು ಯಾರಿಗೂ ಹೇಳುವಂತಿಲ್ಲ, ಆದರೆ ಬಿಸಿ ಎಲ್ಲಿಂದ ಬರುತ್ತದೆ ಎಂಬುದನ್ನು ಅವನ್ನು ಕಟ್ಟಿದವರು ಸರಿಯಾಗಿ ಗುರುತಿಸಿದ್ದರು.

ಹಾಗೆಂದು ಗಾಳಿ ಬದಲಾಗುವುದು ಮುಖ್ಯವಲ್ಲ ಎಂದು ಅರ್ಥವಲ್ಲ. ನಿಜವಾದ ಸಮಸ್ಯೆ ಇಲ್ಲೇ ಇದೆ, ಮತ್ತು ಯಂತ್ರ ಮಾರುವವರು ಅದನ್ನು ಸರಿಯಾಗಿಯೇ ಗುರುತಿಸುತ್ತಾರೆ. ಮಲಗಿದ ಇಬ್ಬರು ಗಂಟೆಗೆ ಸುಮಾರು 25 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ. ಅದೇ ಕೋಣೆಯನ್ನು ಪೂರ್ತಿ ಮುಚ್ಚಿದರೆ ಗಾಳಿಯಲ್ಲಿ ಅದರ ಪ್ರಮಾಣ ಗಂಟೆಗೆ ದಶಲಕ್ಷಕ್ಕೆ 700 ಭಾಗದಷ್ಟು ಏರುತ್ತದೆ. ಹೊರಗಿನ ಗಾಳಿಯಲ್ಲಿ ಅದು 420ರ ಆಸುಪಾಸು. ಮ್ಯೂನಿಕ್‌ನ ಮ್ಯಾಕ್ಸ್ ಫಾನ್ ಪೆಟ್ಟೆನ್‌ಕೋಫರ್ ಎಂಬ ಆರೋಗ್ಯ ವಿಜ್ಞಾನಿ 1858ರಷ್ಟು ಹಿಂದೆಯೇ ಒಳಾಂಗಣದ ಗಾಳಿಗೆ 1,000 ಎಂಬ ಮಿತಿ ಸೂಚಿಸಿದ್ದರು. ಎ.ಸಿ. ಹಾಕಿ ಎಲ್ಲ ಮುಚ್ಚಿ ಮಲಗಿದ ಕೋಣೆಯಲ್ಲಿ ಬೆಳಗಾಗುವುದರೊಳಗೆ ಅದು 2,000 ದಾಟಬಹುದು. ಈ ಪ್ರಮಾಣ ವಿಷವಲ್ಲ, ಆದರೆ ಗಾಳಿ ಹಳಸಿದೆ ಎಂಬುದರ ಗುರುತು. ಗೋಡೆಗೆ ತೂಗುಹಾಕುವ ಎ.ಸಿ. ಹೊರಗಿನಿಂದ ಗಾಳಿ ತರುವುದಿಲ್ಲ, ಒಳಗಿನದನ್ನೇ ಸುತ್ತಿಸಿ ತಣ್ಣಗೆ ಮಾಡುತ್ತದೆ ಎಂಬುದು ಇಂದಿಗೂ ಅನೇಕರಿಗೆ ತಿಳಿದಿಲ್ಲ. ಇದಕ್ಕೆ ನಮ್ಮ ಊರಿನಲ್ಲಿ ಪರಿಹಾರ ಸುಲಭ. ರಾತ್ರಿ ಹೊರಗೂ ಒಳಗೂ ಉಷ್ಣಾಂಶ ಹೆಚ್ಚುಕಡಿಮೆ ಒಂದೇ ಇರುವುದರಿಂದ, ಎ.ಸಿ. ಓಡುತ್ತಿರುವಾಗಲೂ ವೆಂಟಿಲೇಟರನ್ನೋ ಕಿಟಕಿಯ ಒಂದು ಹಲಗೆಯನ್ನೋ ಎರಡು ಬೆರಳಷ್ಟು ತೆರೆದಿಟ್ಟರೆ ಬಿಲ್ಲಿನಲ್ಲಿ ಗೊತ್ತಾಗುವಷ್ಟು ವ್ಯತ್ಯಾಸ ಬರುವುದಿಲ್ಲ.

ಕಿಟಕಿ ತೆರೆಯಲು ಜನ ಹಿಂಜರಿಯುವುದು ಸೊಳ್ಳೆಗೆ, ಕಳ್ಳರ ಭಯಕ್ಕೆ, ಧೂಳಿಗೆ. ಮೊದಲೆರಡಕ್ಕೆ ಮೆಶ್ ಮತ್ತು ಗ್ರಿಲ್ ಇವೆ. ಧೂಳು ಗಂಭೀರವಾದದ್ದು. ಹೆದ್ದಾರಿಗೆ ಅಂಟಿದ ಮನೆಗಳಲ್ಲಿ, ಕಲ್ಲು ಕ್ವಾರಿ ಮತ್ತು ಜಲ್ಲಿ ಕ್ರಷರ್‌ಗಳಿರುವ ಹಳ್ಳಿಗಳಲ್ಲಿ, ಕಿಟಕಿಯ ಮೆಶ್ ಮೇಲೆ ಬೆರಳಾಡಿಸಿದರೆ ಬೂದುಬಣ್ಣದ ಪುಡಿ ಮೆತ್ತಿಕೊಳ್ಳುತ್ತದೆ, ಕಣ್ಣಿಗೆ ಕಾಣದ ಸೂಕ್ಷ್ಮ ಕಣಗಳು ಮೆಶ್ ದಾಟಿ ಒಳಗೆ ಹೋಗಿರುತ್ತವೆ. ಅಲ್ಲಿ ಉಬ್ಬಸದ ಮಗುವೋ ವಯಸ್ಸಾದವರೋ ಇದ್ದರೆ ಸೋಸಿದ ಗಾಳಿ ನಿಜಕ್ಕೂ ಬೇಕು. ಆದರೆ ಸೋಸುವುದು ಫಿಲ್ಟರ್, ಶಾಖ ವಿನಿಮಯಕವಲ್ಲ. ಒಂದೇ ಫ್ಯಾನು, ಒಂದು ಒಳ್ಳೆಯ ಫಿಲ್ಟರ್ ಇಟ್ಟು ಹೊರಗಿನ ಗಾಳಿಯನ್ನು ಒಳಗೆ ತಳ್ಳುವ ಸರಳ ಸಾಧನ ಅದೇ ಕೆಲಸವನ್ನು ಅರ್ಧ ವಿದ್ಯುತ್ತಿನಲ್ಲಿ ಮಾಡುತ್ತದೆ. ಮನೆಯೊಳಗೆ ಒತ್ತಡ ತುಸು ಹೆಚ್ಚಿರುವುದರಿಂದ ಸಂದುಗಳಿಂದ ಧೂಳು ಒಳನುಗ್ಗುವುದೂ ತಗ್ಗುತ್ತದೆ. ನಮ್ಮ ಕೆಂಪು ಧೂಳಿನಲ್ಲಿ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ, ಕಟ್ಟಿಕೊಂಡ ಫಿಲ್ಟರ್ ಫ್ಯಾನಿನ ಹೊರೆ ಹೆಚ್ಚಿಸುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಡುಗೆಮನೆಯ ಒಗ್ಗರಣೆ ಹೊಗೆಗೆ ಎಕ್ಸಾಸ್ಟ್ ಫ್ಯಾನೇ ಸರಿ. ಆ ಜಿಡ್ಡನ್ನು ಶಾಖ ವಿನಿಮಯಕದ ಹಾಳೆಗಳಿಗೆ ಬಿಡಲೇಬಾರದು.

ಈಗ ಮೊದಲು ಹೇಳಿದ ಆ ಒಂದು ಜಾಗದ ವಿಷಯ. ಶಿಡ್ಲಘಟ್ಟ, ಚಿಂತಾಮಣಿ, ಮುಳಬಾಗಿಲು ಕಡೆಯ ರೇಷ್ಮೆ ರೈತರಿಗೆ ಮರಿಹುಳು ಸಾಕಿಕೊಡುವ ಚಾಕಿ ಕೋಣೆಗಳಲ್ಲಿ ಚಳಿಗಾಲದ ಲೆಕ್ಕ ತುಮಕೂರಿನ ಮನೆಯದಲ್ಲ, ಡಾರ್ಮ್‌ಸ್ಟಾಟ್‌ನದು. ಎರಡನೇ ಜ್ವರ (ಹುಳು ಚರ್ಮ ಕಳಚುವ ಹಂತ) ಮುಗಿಯುವವರೆಗೆ ಹುಳುವಿಗೆ 27ರಿಂದ 28 ಡಿಗ್ರಿ ಶಾಖ, ಶೇ 80ರಿಂದ 90 ತೇವ ಬೇಕು. ಡಿಸೆಂಬರ್, ಜನವರಿಯ ರಾತ್ರಿ ಚಿಕ್ಕಬಳ್ಳಾಪುರದ ಕಡೆ ಹೊರಗೆ 13ರಿಂದ 15 ಡಿಗ್ರಿಗೆ ಇಳಿಯುವುದು ಸಾಮಾನ್ಯ. ಕೋಣೆಗೆ ಹೀಟರ್ ಇಡುತ್ತಾರೆ, ಇಲ್ಲವೇ ಇದ್ದಿಲ ಒಲೆ. ಸೊಪ್ಪಿನ ಉಳಿಕೆ, ಹಿಕ್ಕೆಗಳಿಂದ ಗಾಳಿ ಕೆಡುವುದರಿಂದ ಅದನ್ನು ಬದಲಿಸಲೇಬೇಕು. ಬದಲಿಸಿದ ಕೂಡಲೇ ಶಾಖವೂ ತೇವವೂ ಒಟ್ಟಿಗೆ ಹೊರಗೆ ಹೋಗುತ್ತವೆ. ರಾತ್ರಿ ಎಲ್ಲ ಮುಚ್ಚಿಟ್ಟು ಬೆಳಗ್ಗೆ ಒಮ್ಮೆಗೇ ತೆರೆಯುವ ರೂಢಿ ಬೆಳೆದದ್ದು ಈ ಇಕ್ಕಟ್ಟಿನಿಂದಲೇ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಹುಳುವಿಗಿಂತ ಮೊದಲು ಅಪಾಯವಾಗುವುದು ಪಕ್ಕದಲ್ಲಿ ಮಲಗಿದ ಮನುಷ್ಯರಿಗೆ, ಏಕೆಂದರೆ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಮೂವತ್ತು ಅಡಿಗೆ ಇಪ್ಪತ್ತು ಅಡಿ, ಹತ್ತು ಅಡಿ ಎತ್ತರದ ಚಾಕಿ ಕೋಣೆಯ ಗಾಳಿ 170 ಘನ ಮೀಟರ್. ಗಂಟೆಗೊಮ್ಮೆ ಅದು ಬದಲಾಗುತ್ತದೆ, ರಾತ್ರಿಯ ಸರಾಸರಿ ವ್ಯತ್ಯಾಸ 11 ಡಿಗ್ರಿ ಎಂದರೆ ಗಾಳಿಯೊಂದಿಗೆ ಹೋಗುವ ಶಾಖ 580 ವ್ಯಾಟ್. ಹತ್ತು ಗಂಟೆಯ ರಾತ್ರಿಗೆ 5.8 ಯೂನಿಟ್. ಸಾಮಾನ್ಯ ಹೀಟರ್ ಒಂದು ಯೂನಿಟ್‌ಗೆ ಒಂದೇ ಯೂನಿಟ್ ಶಾಖ ಕೊಡುವುದರಿಂದ, ಇಲ್ಲಿ ಉಳಿಸಿದ ಪ್ರತಿ ಯೂನಿಟ್ ಶಾಖವೂ ಪೂರ್ತಿ ಒಂದು ಯೂನಿಟ್ ವಿದ್ಯುತ್. ಶೇ 70 ಉಳಿದರೆ ರಾತ್ರಿಗೆ 4 ಯೂನಿಟ್, ಫ್ಯಾನುಗಳ ಖರ್ಚು ಮುಕ್ಕಾಲು ಯೂನಿಟ್. ತೇವದ ಬಾಬತ್ತು ಇದಕ್ಕಿಂತ ದೊಡ್ಡದು. ಅಷ್ಟು ಬೆಚ್ಚಗೆ, ಅಷ್ಟು ತೇವವಾಗಿರುವ ಗಾಳಿ ಹೊರಹೋಗಿ ಚಳಿಯ ಗಾಳಿ ಒಳಬಂದರೆ ಗಂಟೆಗೆ ಒಂದೂವರೆಯಿಂದ 2 ಲೀಟರ್ ನೀರಿನಷ್ಟು ತೇವ ಕಳೆದುಹೋಗುತ್ತದೆ. ಸೊಪ್ಪಿನಿಂದ ಸ್ವಲ್ಪ ತುಂಬಿಕೊಂಡರೂ ಉಳಿದದ್ದನ್ನು ಆವಿಯಾಗಿಸಿಯೇ ಕೊಡಬೇಕು. 2 ಲೀಟರ್ ನೀರು ಆವಿಯಾಗಲು ಸುಮಾರು 1.3 ಯೂನಿಟ್ ಶಾಖ ಬೇಕು, ಅದನ್ನೂ ಹೀಟರೇ ತುಂಬಬೇಕು. ತೇವವನ್ನೂ ಮರಳಿಸುವ ಪೊರೆಯ ಯಂತ್ರ ಇದರಲ್ಲಿ ಅರ್ಧ ಉಳಿಸಿದರೂ ರಾತ್ರಿಯ ಒಟ್ಟು ಉಳಿತಾಯ 8ರಿಂದ 10 ಯೂನಿಟ್‌ಗೆ ಏರುತ್ತದೆ. ಹುಳುಗಳ ತಂಡದ ಮೇಲೆ ತಂಡ ಚಾಕಿ ಕಟ್ಟುವ ಕೇಂದ್ರಕ್ಕೆ ಇದು ಗಣನೀಯ ಮೊತ್ತ.

ಆದರೆ ಮನೆಗೆಂದು ಮಾಡಿದ ಯಂತ್ರವನ್ನು ಹಾಗೇ ತಂದು ಅಲ್ಲಿ ಕೂರಿಸುವಂತಿಲ್ಲ. ಚಾಕಿ ಕೋಣೆಯನ್ನು ಬ್ಲೀಚಿಂಗ್ ಪೌಡರ್, ಫಾರ್ಮಲಿನ್ ಹಾಕಿ ತೊಳೆಯುತ್ತಾರೆ. ಬ್ಲೀಚಿಂಗ್ ಅಲ್ಯೂಮಿನಿಯಂ ಹಾಳೆಯನ್ನು ತಿನ್ನುತ್ತದೆ, ಕಾಗದದಂಥ ಪೊರೆಯೂ ತೊಳೆಯುವುದನ್ನು ತಾಳುವುದಿಲ್ಲ. ಜ್ವರಕ್ಕೆ ಕೂತ ಹುಳುವಿನ ಮೇಲೆ ಉದುರಿಸುವ ಸುಣ್ಣದ ಪುಡಿ ಫಿಲ್ಟರನ್ನು ಕಟ್ಟುತ್ತದೆ. ಹಾಳೆಗಳ ಬದಲು ತಿರುಗುವ ಚಕ್ರದಿಂದ ಶಾಖ ದಾಟಿಸುವ ಮಾದರಿಯಲ್ಲಿ ಹೊರಹೋಗುವ ಗಾಳಿ ಸ್ವಲ್ಪ ಒಳಗೇ ಮರಳುವುದರಿಂದ ರೋಗದ ಭಯವಿರುವ ಕಡೆ ಅದು ಬೇಡ. ತೊಳೆಯಬಲ್ಲ ಪ್ಲಾಸ್ಟಿಕ್ ಹಾಳೆಗಳ ಸರಳ ಯಂತ್ರವೇ ಇಲ್ಲಿಗೆ ಹೊಂದುತ್ತದೆ. ಅದು ತೇವವನ್ನು ಗಾಳಿಗೆ ಮರಳಿಸುವುದಿಲ್ಲ, ಆದರೆ ಹೊರಹೋಗುವ ಗಾಳಿಯ ಆವಿ ಹಾಳೆಗಳ ಮೇಲೆ ನೀರಾಗುವಾಗ ಬಿಡುವ ಶಾಖ ಒಳಬರುವ ಗಾಳಿಗೆ ಸಿಗುತ್ತದೆ. ಆ ನೀರು ಕೋಣೆಯೊಳಗೆ ತೊಟ್ಟಿಕ್ಕದಂತೆ ಕೊಳವೆ ಇಳಿಜಾರಾಗಿರಬೇಕು, ಏಕೆಂದರೆ ಚಳಿಗೆ ಕಾಡುವ ಸುಣ್ಣಕಟ್ಟು ರೋಗಕ್ಕೆ ತಂಪಿನ ಜೊತೆ ನಿಂತ ತೇವವೂ ಸೇರಿದರೆ ಅನುಕೂಲವಾಗುತ್ತದೆ. ಶೀಟಿನ ಮಾಡಿರುವ ಕೋಣೆಯಾದರೆ ಮೊದಲು ಮಾಡಿನ ಅಡಿಗೆ ಹೊದಿಕೆ ಹಾಕಬೇಕು, ಇಲ್ಲವಾದರೆ ಗಾಳಿಯಲ್ಲಿ ಉಳಿಸಿದ್ದು ಶೀಟಿನ ಮೂಲಕ ಹೋಗುತ್ತದೆ.

ಒಬ್ಬ ರೈತ ತನ್ನ ಹಣ ಹಾಕಿ ಇದನ್ನು ಪರೀಕ್ಷಿಸಬೇಕೆಂದು ಕೇಳುವುದು ನ್ಯಾಯವಲ್ಲ. ರೇಷ್ಮೆ ಇಲಾಖೆಯೋ ದೊಡ್ಡ ಚಾಕಿ ಕೇಂದ್ರವೋ ಮಾಡಬೇಕಾದ ಕೆಲಸವಿದು. ಒಂದೇ ಅಳತೆಯ ಎರಡು ಕೋಣೆ, ಒಂದಕ್ಕೆ ಯಂತ್ರ, ಇನ್ನೊಂದಕ್ಕೆ ಈಗಿನ ರೂಢಿ. ಎರಡೂ ಕೋಣೆಗಳ ಹೀಟರ್ ಮತ್ತು ಫ್ಯಾನುಗಳಿಗೆ ಬೇರೆಬೇರೆ ಮೀಟರ್, ರಾತ್ರಿಯಿಡೀ ಉಷ್ಣಾಂಶ ಮತ್ತು ತೇವದ ದಾಖಲೆ, ಕೊನೆಯಲ್ಲಿ ಆ ಚಾಕಿಯಿಂದ ರೈತರಿಗೆ ಬಂದ ಗೂಡಿನ ತೂಕ. ಡಿಸೆಂಬರಿನಿಂದ ಫೆಬ್ರುವರಿವರೆಗಿನ ಒಂದು ಚಳಿಗಾಲದ ತಂಡಗಳಲ್ಲಿ ಇಷ್ಟನ್ನು ಅಳೆದರೆ, ಯಂತ್ರದ ಬೆಲೆ ಎಷ್ಟು ವರ್ಷಕ್ಕೆ ಹುಟ್ಟುತ್ತದೆ ಎಂಬುದಕ್ಕೆ ಶಿಡ್ಲಘಟ್ಟದ್ದೇ ಅಂಕಿ ಸಿಗುತ್ತದೆ.